ಲಾಗರ್ ಸುಳ್ಳು ಹೇಳಿದರೆ ಹಿಡಿಯೋದು ಹೇಗೆ? ಮಲೆನಾಡಿನ ತೋಟಕ್ಕೊಂದು ಮಾರ್ಗದರ್ಶಿ

ಎರಡು ವರ್ಷದ ಹಿಂದೆ, ಆರಿದ್ರಾ ಮಳೆ. ರಾತ್ರಿಯಿಡೀ ಹೆಂಚಿನ ಮೇಲೆ ಜಲ್ಲಿ ಸುರಿದ ಹಾಗೆ ಸದ್ದು. ಬೆಳಿಗ್ಗೆ ಎದ್ದು ನೋಡಿದರೆ ತೋಟದ ಬಸಿಗಾಲುವೆ ಉಕ್ಕಿ ಸಂಕದ ಮೇಲೆ ನೀರು ಹರಿಯುತ್ತಿತ್ತು. ಲಾಗರ್, ಅಂದರೆ ಮಳೆ, ಬಿಸಿ, ತೇವದ ಅಳತೆಯನ್ನು ಹೊತ್ತುಹೊತ್ತಿಗೆ ತಾನೇ ಬರೆದಿಟ್ಟುಕೊಳ್ಳೋ ಯಂತ್ರ, ಅದನ್ನು ತೆಗೆದು ನೋಡಿದೆ, ಇಡೀ ರಾತ್ರಿಗೆ 19 ಮಿಲಿಮೀಟರ್. ಅಪ್ಪಯ್ಯ ಅಂಗಳದಲ್ಲಿ ಇಟ್ಟಿದ್ದ ಸ್ಟೀಲ್ ಡಬ್ಬಿಗೆ ಸ್ಕೇಲ್ ಇಳಿಸಿದರು, 14 ಸೆಂಟಿಮೀಟರ್. "ನಿನ್ನ ಮಿಷನ್ ರಾತ್ರಿ ನಿದ್ದೆ ಮಾಡಿತ್ತೇನೋ?" ಅಂದರು.

ನಿದ್ದೆ ಮಾಡಿರಲಿಲ್ಲ. ಮಳೆಮಾಪಕದ ಕೊಳವೆ ಬಾಯಿಗೆ ಒಣಗಿದ ಸಿಂಗಾರದ (ಅಡಿಕೆ ಹೂವಿನ) ಪುಡಿ ಕೂತು, ಮೇಲೆ ನೀರು ತುಂಬಿ ಅಂಚಿನಿಂದ ಚೆಲ್ಲುತ್ತಿತ್ತು, ಕೆಳಗೆ ತೊಟ್ಟು ತೊಟ್ಟಾಗಿ ಇಳಿಯುತ್ತಿತ್ತು. ಲಾಗರ್ ಆರು ನಿಮಿಷಕ್ಕೊಂದು ಸಲ ಶ್ರದ್ಧೆಯಿಂದ 0.2, 0.2 ಅಂತ ಬರೆದುಕೊಂಡಿದೆ. ಪೂರ್ತಿ ಕೆಟ್ಟು ನಿಂತ ಲಾಗರ್‌ನಿಂದ ಅಷ್ಟೇನೂ ನಷ್ಟವಿಲ್ಲ, ಕೆಟ್ಟಿದೆ ಅಂತ ಗೊತ್ತಾಗುತ್ತದೆ. ನಡೆಯುತ್ತಲೇ ಸುಳ್ಳು ಬರೆಯುವ ಲಾಗರ್ ಇದೆಯಲ್ಲ, ಅದರ ಜೊತೆ ಏಗೋದು ಕಷ್ಟ. ಹಾಗಾಗಿ ಇಲ್ಲಿ ಹೇಳುವ ಹೆಚ್ಚಿನ ಮಾತು ಅದನ್ನು ಹೇಗೆ ಹಿಡಿಯೋದು ಅನ್ನೋದರ ಬಗ್ಗೆಯೇ.

ಮೊದಲು: ಯಾವ ಪ್ರಶ್ನೆಗೆ ಬೇಕು?

ಅಂಗಡಿಗೆ ಹೋಗೋ ಮೊದಲು ಇದನ್ನು ಒಂದು ಸಾಲಲ್ಲಿ ಬರೆದಿಟ್ಟುಕೊಳ್ಳಿ. ನಮ್ಮದು ಕೊಳೆರೋಗದ ಪ್ರಶ್ನೆ, ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರೋ ರೋಗ. ಮದ್ದು ಹೊಡೆದ ಮೇಲೆ ಎಷ್ಟು ಮಳೆ ಬಿತ್ತು, ತೋಟದೊಳಗೆ ಎಷ್ಟು ಗಂಟೆ ತೇವ ಹಾಗೇ ನಿಂತಿತ್ತು, ಎರಡನೇ ಸಲ ಹೊಡೆಯೋಕೆ 40-45 ದಿನ ಕಾಯಬಹುದಾ ಇಲ್ವಾ. ಇದಕ್ಕೆ ಮಳೆಮಾಪಕ, ಉಷ್ಣಾಂಶ ಮತ್ತು ಗಾಳಿಯ ತೇವಾಂಶ ಅಳೆಯೋ ಸೆನ್ಸರ್ ಸಾಕು. ಬೇಸಿಗೆಯಲ್ಲಿ ನೀರು ಬಿಡೋದು ನಿಮ್ಮ ಚಿಂತೆಯಾದರೆ ಮಣ್ಣಿನ ತೇವದ ಸೆನ್ಸರ್ ಬೇಕು. ಎಲ್ಲ ಒಟ್ಟಿಗೆ ಕೊಂಡು ಯಾವುದನ್ನೂ ನೋಡಿಕೊಳ್ಳದೆ ಬಿಡುವವರೇ ಜಾಸ್ತಿ.

ಎಷ್ಟು ಹೊತ್ತಿಗೊಂದು ಸಲ ಬರೆಯಬೇಕು ಅನ್ನೋದೂ ಆಗಲೇ ತೀರ್ಮಾನ ಆಗಬೇಕು. 15 ನಿಮಿಷಕ್ಕೊಮ್ಮೆ ಅಂದರೆ ದಿನಕ್ಕೆ 96 ಸಲ. 16,000 ಅಳತೆ ಹಿಡಿಯೋ ಲಾಗರ್ ಐದೂವರೆ ತಿಂಗಳು ಬರುತ್ತದೆ, ಅಂದರೆ ಇಡೀ ಮಳೆಗಾಲ. ಅದನ್ನೇ ಒಂದು ನಿಮಿಷಕ್ಕೆ ಇಟ್ಟರೆ ಹನ್ನೊಂದು ದಿನಕ್ಕೆ ತುಂಬಿಹೋಗುತ್ತದೆ. ತುಂಬಿದ ಮೇಲೆ ನಿಲ್ಲುತ್ತದಾ, ಹಳೆಯದರ ಮೇಲೆ ಬರೆಯುತ್ತದಾ ಅಂತ ಸೆಟ್ಟಿಂಗ್ಸ್‌ನಲ್ಲಿ ನೋಡಿಕೊಳ್ಳಿ. ನಾನು ನಿಲ್ಲುವ ಹಾಗೆ ಇಡುತ್ತೇನೆ. ಹಳೆಯದು ಅಳಿಸಿಹೋದರೆ ತರೋಕಾಗಲ್ಲ.

ಗಡಿಯಾರ ಸರಿ ಮಾಡಿ

ಇದು ಚಿಕ್ಕ ವಿಷಯ ಅನಿಸುತ್ತದೆ. ಬಹಳಷ್ಟು ಲಾಗರ್‌ಗಳು ಶುರು ಮಾಡುವಾಗ ಕಂಪ್ಯೂಟರಿನ ಸಮಯವನ್ನೇ ತೆಗೆದುಕೊಳ್ಳುತ್ತವೆ. ನನ್ನ ಹಳೇ ಲ್ಯಾಪ್‌ಟಾಪ್‌ನ ಒಳಗಿನ ಸಣ್ಣ ಬ್ಯಾಟರಿ ಸತ್ತಿತ್ತು, ಕರೆಂಟ್ ಹೋಗಿ ಬಂದಾಗ ತಾರೀಖು ಎಲ್ಲೋ ಹಿಂದಕ್ಕೆ ಓಡಿತ್ತು. ಆ ತಾರೀಖನ್ನೇ ಲಾಗರ್ ನಂಬಿತು, ಒಂದು ತಿಂಗಳ ಮಳೆ ಪೂರ್ತಿ ಬೇರೆ ವರ್ಷಕ್ಕೆ ಹೋಯಿತು! ಶುರು ಮಾಡುವ ಮೊದಲು ಮೊಬೈಲಿನ ಸಮಯ ಪಕ್ಕಕ್ಕಿಟ್ಟು ನೋಡಿ.

ಕೆಲವು ಸಾಫ್ಟ್‌ವೇರ್ ಗ್ರೀನ್‌ವಿಚ್ ಸಮಯದಲ್ಲಿ ಬರೆಯುತ್ತವೆ, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ಹವಾಮಾನ ಇಲಾಖೆಯ ಮಳೆ ದಿನ ಬೆಳಿಗ್ಗೆ 8:30ರಿಂದ ಮರುದಿನ 8:30ರವರೆಗೆ. ನೀವು ರಾತ್ರಿ ಹನ್ನೆರಡರಿಂದ ಹನ್ನೆರಡಕ್ಕೆ ಕೂಡಿಸಿ, ಪಕ್ಕದ ಊರಿನ ಲೆಕ್ಕಕ್ಕೆ ಹೋಲಿಸಿ, "ನಮ್ಮದು ತಪ್ಪು ತೋರಿಸ್ತಿದೆ" ಅಂದರೆ ಪಾಪ ಲಾಗರ್ ಏನು ಮಾಡುತ್ತದೆ?

ಲಾಗರ್‌ನ ಸರ್ಕ್ಯೂಟ್ ಬೋರ್ಡನ್ನು ತಾವೇ ಕಟ್ಟಿಕೊಳ್ಳುವವರು ಗಡಿಯಾರಕ್ಕೆ ಡಿಎಸ್3231 ಅನ್ನೋ ಚಿಪ್ ಹಾಕಿ. ವರ್ಷಕ್ಕೆ ಒಂದು ನಿಮಿಷದ ಆಚೀಚೆ ಇರುತ್ತದೆ. ಅಗ್ಗದ ಹಳೇ ಚಿಪ್‌ಗಳು ತಿಂಗಳಿಗೇ ಕೆಲವು ನಿಮಿಷ ಜಾರುತ್ತವೆ.

ಮಳೆಮಾಪಕ ಕೂರಿಸೋದು, ಪರೀಕ್ಷೆ ಮಾಡೋದು

ಒಳಗೆ ತೊಟ್ಟಿಲ ಹಾಗೆ ಆಡೋ ಎರಡು ಚಿಕ್ಕ ಬಟ್ಟಲು ಇರುತ್ತವೆ. ಒಂದು ತುಂಬಿದರೆ ಮಗುಚುತ್ತದೆ, ಇನ್ನೊಂದು ಮೇಲೆ ಬರುತ್ತದೆ, ಮಗುಚಿದಾಗಲೆಲ್ಲ ಒಂದು ಅಯಸ್ಕಾಂತ ಸ್ವಿಚ್ ದಾಟಿ ಲಾಗರ್‌ಗೆ ಒಂದು ಎಣಿಕೆ ಹೋಗುತ್ತದೆ. ಅಷ್ಟೇ ಯಂತ್ರ.

ಜಾಗ ಹುಡುಕೋದೇ ಮಲೆನಾಡಲ್ಲಿ ದೊಡ್ಡ ಕೆಲಸ. ಮರ ಅಥವಾ ಮನೆ ಎಷ್ಟು ಎತ್ತರ ಇದೆಯೋ ಕನಿಷ್ಠ ಅದರ ಎರಡರಷ್ಟು ದೂರ ಇರಬೇಕು. ಹದಿನೈದು ಮೀಟರ್ ಅಡಿಕೆ ಮರಕ್ಕೆ ಮೂವತ್ತು ಮೀಟರ್ ದೂರ ಅಂದರೆ ತೋಟದೊಳಗೆ ಎಲ್ಲಿ ಸಿಗುತ್ತದೆ, ಅಲ್ವಾ? ಗದ್ದೆ ಬದು, ಹುಲ್ಲಿನ ಬ್ಯಾಣ, ಅಂಗಳದ ತುದಿ ನೋಡಿ. ಮಾಡಿನ ಮೇಲೆ ಮಾತ್ರ ಬೇಡ, ಅಲ್ಲಿ ಗಾಳಿ ಸುಳಿ ಹೊಡೆದು ಹನಿ ಪಕ್ಕಕ್ಕೆ ಹಾರುತ್ತದೆ. ಕಂಬ ಗಟ್ಟಿಯಾಗಿ ಹೂಳಿ, ಸ್ಪಿರಿಟ್ ಲೆವೆಲ್ ಇಟ್ಟು ಸಮ ಮಾಡಿ. ಒಂದು ಮಳೆಗೆ ಮಣ್ಣು ಸಡಿಲಾಗಿ ಕಂಬ ವಾಲುತ್ತದೆ, ಆಮೇಲೆ ಮತ್ತೆ ನೋಡಿ. ವಾಲಿದರೆ ಒಂದು ಬಟ್ಟಲು ಬೇಗ, ಇನ್ನೊಂದು ತಡವಾಗಿ ಮಗುಚುತ್ತದೆ.

ಈಗ ಪರೀಕ್ಷೆ. ಇದಕ್ಕೆ ಬೇಕಾಗಿರೋದು ಅಡುಗೆಮನೆಯ ತೂಕದ ಯಂತ್ರ ಮತ್ತು ಒಂದು ನೀರಿನ ಬಾಟಲಿ. ಖಾಲಿ ಬಾಟಲಿ ತೂಗಿ, ಸರಿಯಾಗಿ ಒಂದು ಕೆಜಿ ನೀರು ಹಾಕಿ, ಅಂದರೆ ಒಂದು ಲೀಟರ್. ಮುಚ್ಚಳಕ್ಕೆ ಸೂಜಿಯಲ್ಲಿ ತೂತು ಮಾಡಿ ಬಾಟಲಿಯನ್ನು ಮಾಪಕದ ಬಾಯಿಗೆ ಬೋರಲು ನಿಲ್ಲಿಸಿ, ತಳಕ್ಕೂ ಒಂದು ಸೂಜಿ ತೂತು, ಇಲ್ಲದಿದ್ದರೆ ಗಾಳಿ ಸಿಗದೆ ನೀರು ನಿಂತುಹೋಗುತ್ತದೆ. ಪೂರ್ತಿ ಇಳಿಯೋಕೆ ಒಂದು ಗಂಟೆಯಾದರೂ ಬೇಕು. ಅವಸರ ಮಾಡಿ ಸುರಿದರೆ ಪರೀಕ್ಷೆ ಕೆಟ್ಟಿತು.

ಬಾಯಿಯ ವ್ಯಾಸ 200 ಮಿಲಿಮೀಟರ್ ಇದ್ದರೆ ಅದರ ವಿಸ್ತೀರ್ಣ 314 ಚದರ ಸೆಂಟಿಮೀಟರ್. ಒಂದು ಮಿಲಿಮೀಟರ್ ಮಳೆ ಅಂದರೆ ಅದರಲ್ಲಿ 31.4 ಮಿಲಿಲೀಟರ್. ಹಾಗಾದರೆ ಒಂದು ಲೀಟರ್ 31.8 ಮಿಲಿಮೀಟರ್ ಮಳೆಗೆ ಸಮ. ಬಟ್ಟಲು 0.2 ಮಿಲಿಮೀಟರಿನದಾದರೆ 159 ಸಲ ಮಗುಚಬೇಕು. ನನ್ನದು 148 ಬಂತು. 31.8ನ್ನು 148ರಿಂದ ಭಾಗಿಸಿದರೆ 0.215. ಕೆಳಗಿನ ಸ್ಕ್ರೂ ತಿರುಗಿಸಿ ಸರಿ ಮಾಡಬಹುದು, ಆದರೆ ನಾನು ಸ್ಕ್ರೂ ಮುಟ್ಟಲ್ಲ, ಲಾಗರ್‌ನಲ್ಲಿ 0.2 ಇದ್ದ ಜಾಗಕ್ಕೆ 0.215 ಬರೆಯುತ್ತೇನೆ. ಸ್ಕ್ರೂ ತಿರುಗಿಸೋಕೆ ಹೋದರೆ ಎರಡೂ ಬಟ್ಟಲು ಸಮ ಮಾಡೋದರಲ್ಲೇ ಅರ್ಧ ದಿನ ಹೋಗುತ್ತದೆ.

ಇಷ್ಟೆಲ್ಲ ಮಾಡಿದರೂ ಜಡಿಮಳೆ ಜೋರಾಗಿ ಹೊಡೆಯುವಾಗ ಈ ಮಾಪಕ ಸ್ವಲ್ಪ ಕಡಿಮೆಯೇ ತೋರಿಸುತ್ತದೆ. ಬಟ್ಟಲು ಮಗುಚೋ ಆ ಕ್ಷಣದಲ್ಲೂ ನೀರು ಬೀಳುತ್ತಿರುತ್ತದಲ್ಲ, ಅದು ಲೆಕ್ಕಕ್ಕೆ ಬರಲ್ಲ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟೋ ಆಗುಂಬೆ ಕಡೆಯವರು ಇದನ್ನು ಮರೆಯಬಾರದು. ಅದಕ್ಕೇ ಪಕ್ಕದಲ್ಲಿ ಅಪ್ಪಯ್ಯನ ಡಬ್ಬಿ ಯಾವಾಗಲೂ ಇರುತ್ತದೆ. ಡಬ್ಬಿ ಮೇಲಿಂದ ಕೆಳಗೆ ಒಂದೇ ಅಗಲ ಇರಬೇಕು, ಪೇಂಟ್ ಬಕೆಟ್ ಆಗಲ್ಲ, ಅದು ಬುಡಕ್ಕೆ ಸಣ್ಣ. ಬೆಳಿಗ್ಗೆ 8:30ಕ್ಕೆ ಅಳೆದು, ಬರೆದು, ಚೆಲ್ಲಿ.

ಉಷ್ಣಾಂಶ, ತೇವಾಂಶ

ಬಿಸಿಲಿಗೆ ನೇರ ಸಿಕ್ಕ ಸೆನ್ಸರ್ ಗಾಳಿಯ ಬಿಸಿ ಹೇಳಲ್ಲ, ತನ್ನದೇ ಬಿಸಿ ಹೇಳುತ್ತದೆ. ಐದಾರು ಡಿಗ್ರಿ ಜಾಸ್ತಿ ತೋರಿಸೋದು ಮಾಮೂಲು. ಬಿಳೀ ಬಣ್ಣದ ಗೂಡು ಬೇಕು. ಕೊಳ್ಳಬಹುದು, ಇಲ್ಲವಾದರೆ ಹೂಕುಂಡದ ಕೆಳಗಿಡೋ ಬಿಳೀ ಪ್ಲಾಸ್ಟಿಕ್ ತಟ್ಟೆ ಏಳೆಂಟು ತಂದು, ಬೋರಲು ಹಾಕಿ, ನಡುನಡುವೆ ಎರಡು ಬೆರಳು ಜಾಗ ಬಿಟ್ಟು ಉದ್ದ ಬೋಲ್ಟ್‌ಗೆ ಪೋಣಿಸಿ. ಮೇಲಿನ ಎರಡು ತಟ್ಟೆ ಇಡಿಯಾಗಿರಲಿ, ಉಳಿದವಕ್ಕೆ ನಡುವೆ ತೂತು ಕೊರೆದು ಸೆನ್ಸರ್ ಒಳಗೆ ತೂಗಲಿ. ನೆಲದಿಂದ ಒಂದೂಕಾಲರಿಂದ ಎರಡು ಮೀಟರ್ ಎತ್ತರ. ತಗಡಿನ ಶೀಟ್, ಬಚ್ಚಲ ಒಲೆ, ಅಡಿಕೆ ಬೇಯಿಸೋ ಜಾಗ, ಇವುಗಳ ಹತ್ತಿರ ಬೇಡ.

ಚಿಪ್ ಆರಿಸುವಾಗ ಡಿಎಚ್‌ಟಿ22 ಅಗ್ಗ, ಕಲಿಯೋಕೆ ಪರವಾಗಿಲ್ಲ, ಆದರೆ ನಮ್ಮ ಮಳೆಗಾಲ ತಡೆಯಲ್ಲ ಅನ್ನೋದು ನನ್ನ ಅನುಭವ. ಎಸ್‌ಎಚ್‌ಟಿ31 ನಾಲ್ಕು ಕಾಸು ಜಾಸ್ತಿಯಾದರೂ ಅದನ್ನೇ ತನ್ನಿ. ಮಣ್ಣಿಗೆ, ನೀರಿಗೆ ಸ್ಟೀಲ್ ಕೊಳವೆಯಲ್ಲಿ ಬರೋ ಡಿಎಸ್18ಬಿ20 ಒಳ್ಳೆಯದು, ಅರ್ಧ ಡಿಗ್ರಿ ಆಚೀಚೆ. ಇದರ ಎರಡು ಸುಳ್ಳು ನೆನಪಿಟ್ಟುಕೊಳ್ಳಿ. ಸರಿಯಾಗಿ 85 ಡಿಗ್ರಿ ಅಂತ ಬಂದರೆ ಸೆನ್ಸರ್ ಈಗಷ್ಟೇ ಎದ್ದಿದೆ, ಇನ್ನೂ ಅಳೆದೇ ಇಲ್ಲ ಅಂತ ಅರ್ಥ, ಕರೆಂಟ್ ಸರಿಯಾಗಿ ಸಿಗುತ್ತಿಲ್ಲ. ಸ್ವಂತ ಲಾಗರ್ ಕಟ್ಟೋಕೆ ಬಳಸೋ ಆರ್ಡುಯಿನೋ ಬೋರ್ಡಿನಲ್ಲಿ ಮೈನಸ್ 127 ಬಂದರೆ ತಂತಿ ಕಿತ್ತಿದೆ. ಇವೆರಡನ್ನು ಸೇರಿಸಿ ಸರಾಸರಿ ತೆಗೆದು, ತೋಟದ ಮಣ್ಣು ಹಿಮಾಲಯಕ್ಕಿಂತ ತಂಪು ಅಂತ ನಾನೇ ಒಮ್ಮೆ ಗ್ರಾಫ್ ಮಾಡಿದ್ದೆ.

ಉಷ್ಣಾಂಶ ಪರೀಕ್ಷೆ ಸುಲಭ. ಪುಡಿ ಮಾಡಿದ ಮಂಜುಗಡ್ಡೆಗೆ ಸ್ವಲ್ಪ ನೀರು ಹಾಕಿ ಕಲಕಿ, ಸ್ಟೀಲ್ ಕೊಳವೆಯ ಸೆನ್ಸರ್ ಹತ್ತು ನಿಮಿಷ ಇಳಿಬಿಡಿ. ಸೊನ್ನೆ ಬರಬೇಕು. ತೇವಾಂಶದ ಸೆನ್ಸರನ್ನು ಮಾತ್ರ ನೀರಿಗೆ ಹಾಕಬೇಡಿ!

ತೇವಾಂಶಕ್ಕೆ ಉಪ್ಪಿನ ಪರೀಕ್ಷೆ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಒಂದೊಂದೇ ಹನಿ ನೀರು ಬಿಟ್ಟು ಒದ್ದೆ ಮರಳಿನ ಹಾಗೆ ಮಾಡಿ. ಕರಗಿ ನೀರಾಗಬಾರದು. ಅದನ್ನು ಉಪ್ಪಿನಕಾಯಿ ಭರಣಿಯಂಥ ಬಿಗಿ ಮುಚ್ಚಳದ ಪಾತ್ರೆಯಲ್ಲಿಟ್ಟು, ಉಪ್ಪಿಗೆ ತಾಗದ ಹಾಗೆ ಸೆನ್ಸರ್ ಒಳಗಿಟ್ಟು ಮುಚ್ಚಿ. ತಂತಿ ಹೊರಬರೋ ಸಂದಿಗೆ ಮೇಣ ಮೆತ್ತಿ. ಬಿಸಿ ತಣ್ಣಗೆ ಏರುಪೇರಾಗದ ಕೋಣೆಯಲ್ಲಿ ಹನ್ನೆರಡು ಗಂಟೆ ಬಿಡಿ. ಒಳಗಿನ ಗಾಳಿ ಶೇಕಡಾ 75ಕ್ಕೆ ಬಂದು ನಿಲ್ಲುತ್ತದೆ, ಅದು ಉಪ್ಪಿನ ಗುಣ. ಸೆನ್ಸರ್ 79 ಅಂದರೆ ನಾಲ್ಕು ಜಾಸ್ತಿ ಹೇಳುತ್ತಿದೆ ಅಂತ ಬರೆದಿಟ್ಟುಕೊಳ್ಳಿ.

ಈ ಪರೀಕ್ಷೆ ಮಲೆನಾಡಿನವರಿಗೆ ಯಾಕೆ ಮುಖ್ಯ ಅಂದರೆ, ಜುಲೈನಲ್ಲಿ ಸೆನ್ಸರ್ ವಾರಗಟ್ಟಲೆ 100 ತೋರಿಸಿದರೆ ಅದು ನಿಜವೋ ಸುಳ್ಳೋ ಹೇಳೋದೇ ಕಷ್ಟ. ನಿಜಕ್ಕೂ ಹಾಗೇ ಇರುತ್ತದೆ ನಮ್ಮಲ್ಲಿ. ತುಂಬಾ ದಿನ ಶೇಕಡಾ 80ಕ್ಕಿಂತ ಮೇಲಿನ ತೇವದಲ್ಲಿ ಇದ್ದ ಸೆನ್ಸರ್ ತಾತ್ಕಾಲಿಕವಾಗಿ ಎರಡು ಮೂರು ಅಂಕಿ ಜಾಸ್ತಿ ಹೇಳೋದೂ ಉಂಟು. ಮಳೆ ಬಿಟ್ಟು ಎರಡು ಗಂಟೆ ಬಿಸಿಲು ಬಿದ್ದ ಮಧ್ಯಾಹ್ನದ ಅಂಕಿ ನೋಡಿ. ಆಗಲೂ 100ರಿಂದ ಕದಲದಿದ್ದರೆ ಬಿಚ್ಚಿ ತಂದು ಒಣ ಜಾಗದಲ್ಲಿಟ್ಟು, ಉಪ್ಪಿನ ಭರಣಿಗೆ ಹಾಕಿ.

ಕೊಳೆರೋಗದ ಮದ್ದು ಬೋರ್ಡೋ ಹೊಡೆಯೋ ದಿನ ಸೆನ್ಸರ್‌ಗೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟಿ. ಮದ್ದು ಹೊಡೆಯುವವರಿಗೆ ಮೊದಲೇ ಹೇಳಿಡಿ, ಮೇಲಿಂದ ಬೀಳೋ ಆ ನೀಲಿ ತುಂತುರು ತೇವಾಂಶದ ಚಿಪ್ ಮೇಲೆ ಕೂತರೆ ಮುಗಿಯಿತು. ಸಂಜೆ ಕೊಟ್ಟೆ ಬಿಚ್ಚೋಕೆ ಮರೆಯಬೇಡಿ, ಕಟ್ಟಿದ ಮತ್ತು ಬಿಚ್ಚಿದ ಸಮಯ ಬರೆದುಕೊಳ್ಳಿ. ಮೈಸೂರು ಸಂಸ್ಥಾನದಲ್ಲಿ ಕೃಷಿ ಇಲಾಖೆ ಕಟ್ಟಿದ ಲೆಸ್ಲಿ ಕೋಲ್ಮನ್ 1910ರ ಹೊತ್ತಿಗೇ ಕೊಳೆರೋಗದ ಬಗ್ಗೆ ಬರೆದು, ನಮ್ಮ ಅಜ್ಜಂದಿರಿಗೆ ಈ ಸುಣ್ಣ-ಮೈಲುತುತ್ತದ ಮದ್ದು ರೂಢಿ ಮಾಡಿಸಿದವರು. ನೂರು ವರ್ಷ ದಾಟಿದರೂ ಮದ್ದು ಅದೇ, ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಅದರ ತುಂತುರಿಂದ ಕಾಪಾಡಬೇಕಾದ ಸಾಮಾನು ಮಾತ್ರ ಹೊಸದು.

ಮಣ್ಣಿನ ಸೆನ್ಸರ್ ಬಗ್ಗೆ ಎರಡೇ ಮಾತು

ಎರಡು ಕಡ್ಡಿ ಚುಚ್ಚೋ ಅಗ್ಗದ ಸೆನ್ಸರ್ ಕೆಲವೇ ವಾರದಲ್ಲಿ ತುಕ್ಕು ತಿನ್ನುತ್ತದೆ, ಬೇಡ. ಕೆಪಾಸಿಟಿವ್ ಅನ್ನೋದು, ಅಂದರೆ ಲೋಹ ಮಣ್ಣಿಗೆ ತಾಗದ ಹಾಗೆ ಮುಚ್ಚಿದ ಪಟ್ಟಿ, ವಾಸಿ, ಆದರೆ ಅದರ ಅಂಚು ಬರೀ ಮೈ ಇರುತ್ತದೆ, ಉಗುರು ಬಣ್ಣ ಎರಡು ಸಲ ಬಳಿದು ಒಣಗಿಸಿ. ನಮ್ಮ ಜಂಬಿಟ್ಟಿಗೆ ಮಣ್ಣಲ್ಲಿ ಕಲ್ಲು ಜಾಸ್ತಿ. ಕಲ್ಲಿನ ಪಕ್ಕ ಗಾಳಿ ಸಂದಿ ಉಳಿದರೆ ಮಣ್ಣು ಒಣಗಿದೆ ಅಂತಲೇ ತೋರಿಸುತ್ತದೆ. ತೆಗೆದ ಮಣ್ಣನ್ನು ಜರಡಿ ಹಿಡಿದು, ನೀರಲ್ಲಿ ಕಲಸಿ, ಸೆನ್ಸರ್ ಸುತ್ತ ಒತ್ತಿ ತುಂಬಿ. ಒಣಗಿಸಿದ ಮಣ್ಣಲ್ಲೊಂದು ಅಳತೆ, ನೀರು ಕುಡಿಸಿ ಬಸಿದ ಮಣ್ಣಲ್ಲೊಂದು ಅಳತೆ, ನಿಮ್ಮದೇ ತೋಟದ ಮಣ್ಣಲ್ಲಿ. ಉಳಿದದ್ದು ಇವೆರಡರ ನಡುವೆ.

ಡಬ್ಬಿಯೊಳಗಿನ ನೀರು

ಲಾಗರ್ ಇಡೋಕೆ ಐಪಿ67, ಅಂದರೆ ದೂಳು ನೀರು ಒಳಗೆ ಹೋಗಲ್ಲ ಅನ್ನೋ ಗುರುತು, ಬರೆದ ಡಬ್ಬಿ ತಂದಿದ್ದೀರಿ, ಮಳೆಗೆ ಏನೂ ಆಗಲ್ಲ ಅಂದುಕೊಂಡಿದ್ದೀರಿ. ಮೂರು ವಾರ ಬಿಟ್ಟು ತೆರೆದರೆ ಒಳಗೆ ಬೆವರು, ಬ್ಯಾಟರಿ ಸ್ಪ್ರಿಂಗ್ ಮೇಲೆ ಹಸಿರು ಕಿಲುಬು. ನೀರು ಎಲ್ಲಿಂದ ಬಂತು?

ಡಬ್ಬಿ ಉಸಿರಾಡುತ್ತದೆ. ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಸಂದಿಯಲ್ಲಿ ಹೊರಗೆ ಹೋಗುತ್ತದೆ. ತಟ್ಟನೆ ಮಳೆ ಬಂದು ಡಬ್ಬಿ ತಣ್ಣಗಾದರೆ ಒಳಗೆ ಒತ್ತಡ ಕಡಿಮೆಯಾಗಿ ಹೊರಗಿನ ಒದ್ದೆ ಗಾಳಿಯನ್ನು, ಕೆಲವು ಸಲ ತಂತಿ ಸಂದಿಯಲ್ಲಿ ನಿಂತ ನೀರನ್ನೇ ಎಳೆದುಕೊಳ್ಳುತ್ತದೆ. ದಿನಾ ಎರಡು ಮೂರು ಸಲ ಹೀಗಾದರೆ ಸಾಕಲ್ಲ. ತೂತು ಯಾವಾಗಲೂ ಕೆಳಭಾಗದಲ್ಲೇ ಕೊರೆಯಿರಿ. ತಂತಿ ಡಬ್ಬಿಗೆ ಹೋಗೋ ಮೊದಲು ಒಂದು ಸುತ್ತು ಕೆಳಕ್ಕೆ ಜೋತು ಆಮೇಲೆ ಮೇಲೇರಲಿ, ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ. ಗಾಳಿ ಮಾತ್ರ ಬಿಟ್ಟು ನೀರು ಬಿಡದ ಚಿಕ್ಕ ವೆಂಟ್ ಪ್ಲಗ್ ಸಿಗುತ್ತದೆ, ಅದನ್ನೂ ಹಾಕಿ.

ಒಳಗೆ ಸಿಲಿಕಾ ಜೆಲ್ ಚೀಲ. ಕಿತ್ತಳೆ ಬಣ್ಣದ್ದು ತನ್ನಿ, ತೇವ ಹೀರಿ ಹಸಿರಾಗುತ್ತದೆ. ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಕಿತ್ತಳೆ. ನೀಲಿಯಿಂದ ಗುಲಾಬಿಗೆ ತಿರುಗೋದರಲ್ಲಿ ಕೋಬಾಲ್ಟ್ ಇರುತ್ತದೆ, ಅದು ವಿಷ, ಅಡುಗೆಮನೆಗೆ ತರಬೇಡಿ. ಎರಡು ಸೆಟ್ ಇಟ್ಟುಕೊಂಡರೆ ಒಂದು ಡಬ್ಬಿಯಲ್ಲಿ, ಇನ್ನೊಂದು ಮನೆಯಲ್ಲಿ ಒಣಗುತ್ತಿರುತ್ತದೆ.

ಬ್ಯಾಟರಿ ವಿಷಯ ಬೇಗ ಮುಗಿಸುತ್ತೇನೆ. ಮಾಮೂಲಿ ಪೆನ್ಸಿಲ್ ಸೆಲ್ ಸೋರುತ್ತವೆ, ಮಳೆಗಾಲಕ್ಕೆ ಲಿಥಿಯಂ ಸೆಲ್ ಹಾಕಿ. ಸೋಲಾರ್ ನಂಬಿದವರು ಜುಲೈನಲ್ಲಿ ಹತ್ತು ದಿನ ಬಿಸಿಲೇ ಇಲ್ಲ ಅಂತ ಲೆಕ್ಕ ಹಾಕಿ ಬ್ಯಾಟರಿ ಆರಿಸಿ. ಪ್ಯಾನೆಲ್ ದಕ್ಷಿಣಕ್ಕೆ ವಾಲಿರಲಿ, ಅಡಿಕೆ ನೆರಳಲ್ಲಿ ಇಟ್ಟು ಬೈಕೋಬೇಡಿ. ಲಾಗರ್‌ಗೆ ಬ್ಯಾಟರಿ ವೋಲ್ಟೇಜನ್ನೂ ಬರೆಯೋಕೆ ಹೇಳಿ, ಸಾಯೋ ಮೊದಲೇ ಸುಳಿವು ಸಿಗುತ್ತದೆ. ಏಪ್ರಿಲ್-ಮೇ ಗುಡುಗಿನ ದಿನಗಳಲ್ಲಿ ಮನೆಯಿಂದ ತೋಟಕ್ಕೆ ಉದ್ದ ತಂತಿ ಎಳೆದಿದ್ದರೆ ಕಳಚಿಡಿ.

ಹದಿನೈದು ದಿನಕ್ಕೊಮ್ಮೆ ಹೋಗಿ ನೋಡೋದು

ಕಾಲಿಗೆ ಉಂಬಳ (ಜಿಗಣೆ) ಹತ್ತದ ಹಾಗೆ ಏನು ಹಚ್ಚಿಕೊಳ್ಳುತ್ತೀರೋ ಹಚ್ಚಿಕೊಳ್ಳಿ. ಜೇಬಲ್ಲಿ ಪುಸ್ತಕ, ಸೀಸದ ಕಡ್ಡಿ. ಪೆನ್ನಿನ ಶಾಯಿ ಮಳೆಗೆ ಹರಡುತ್ತದೆ.

ಹೋದ ಕೂಡಲೇ ಕೈ ಹಾಕಬೇಡಿ. ಮೊದಲು ನೋಡಿ, ಬರೆಯಿರಿ: ಸಮಯ, ಮಳೆ ಇದೆಯೋ ಇಲ್ಲವೋ, ಕೊಳವೆ ಬಾಯಲ್ಲಿ ಏನಿದೆ, ಮೇಲೆ ಸೋಗೆ ಬಿದ್ದಿದೆಯಾ, ಇಲಿ ತಂತಿ ಕಡಿದಿದೆಯಾ. ಆಮೇಲೆ ಡೇಟಾ ಇಳಿಸಿಕೊಳ್ಳಿ. ಫೈಲ್ ತೆರೆದು ಕೊನೆಯ ಸಾಲು ಈಗಿನ ಸಮಯದ್ದೇ ಅಂತ ನೋಡಿ, ಬರೀ "ಡೌನ್‌ಲೋಡ್ ಆಯಿತು" ಅನ್ನೋ ಮಾತು ನಂಬಬೇಡಿ. ಇದಾದ ಮೇಲೇ ತೊಳೆಯೋದು. ಉಲ್ಟಾ ಮಾಡಿದರೆ ತೊಳೆಯುವಾಗ ಕೈತಾಗಿ ಮಗುಚಿದ್ದೆಲ್ಲ ಮಳೆಯಾಗುತ್ತದೆ. ನಾನು "10:20ರಿಂದ 10:35 ತೊಳೆದದ್ದು" ಅಂತ ಬರೆದಿಟ್ಟು ಆ ಎಣಿಕೆಯನ್ನು ಆಮೇಲೆ ತೆಗೆದುಹಾಕುತ್ತೇನೆ.

ಬಟ್ಟಲನ್ನು ಮೆತ್ತನೆ ಬ್ರಷ್, ಬರೀ ನೀರಲ್ಲಿ ತೊಳೆಯಿರಿ, ಎಣ್ಣೆ ಬೇಡ. ಪಾಚಿ, ಜೇಡ, ಇರುವೆ ಮೊಟ್ಟೆ, ಕಣಜ ಕಟ್ಟಿದ ಮಣ್ಣಿನ ಗೂಡು ಎಲ್ಲ ಸಿಗುತ್ತವೆ. ಅಡಿಕೆ ಹಾಳೆ ಬಿದ್ದು ತಟ್ಟೆಯ ಗೂಡು ಸೊಟ್ಟಗಾಗಿದ್ದೂ ಇದೆ.

ಮನೆಗೆ ಬಂದು ಮೂಲ ಫೈಲ್ ಹಾಗೇ ಎತ್ತಿಡಿ, ಪ್ರತಿ ಮಾಡಿಕೊಂಡು ಅದರಲ್ಲಿ ಕೆಲಸ ಮಾಡಿ. ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಿದರೆ 07/08 ಅನ್ನೋದು ಆಗಸ್ಟ್ ಏಳೋ ಜುಲೈ ಎಂಟೋ ಅಂತ ಅದು ತನಗೆ ತೋಚಿದ ಹಾಗೆ ಬದಲಾಯಿಸುತ್ತದೆ. ಆಮೇಲೆ ಒಂದು ಗ್ರಾಫ್ ಹಾಕಿ ಕಣ್ಣಾಡಿಸಿ. ಮಳೆ ಸಮ ಅಂತರದಲ್ಲಿ ತೊಟ್ಟಿಕ್ಕುತ್ತಾ ಮಳೆ ನಿಂತ ಮೇಲೂ ಗಂಟೆಗಟ್ಟಲೆ ಮುಂದುವರಿದರೆ ಕೊಳವೆ ಕಟ್ಟಿದೆ. ಒಂದೇ ಸೆಕೆಂಡಿಗೆ ಹತ್ತು ಸಲ ಮಗುಚಿದೆ ಅಂದರೆ ಸ್ವಿಚ್ ಅಥವಾ ತಂತಿ ಕೆಟ್ಟಿದೆ, ಬಟ್ಟಲು ಹಾಗೆ ಕುಣಿಯಲ್ಲ. ಉಷ್ಣಾಂಶ ಹಗಲು ರಾತ್ರಿ ಒಂದೇ ಅಂಕಿ ಹಿಡಿದು ಕೂತರೆ ಸೆನ್ಸರ್ ಸತ್ತಿದೆ. ಅನುಮಾನ ಬಂದರೆ ಅಕ್ಕಪಕ್ಕದ ಲೆಕ್ಕ ನೋಡಿ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇವೆ. ಒಂದು ಗುಡ್ಡ ದಾಟಿದರೆ ಮಳೆ ಬೇರೆ ನಿಜ, ಆದರೆ ಅಲ್ಲಿ 140 ಇಲ್ಲಿ 19 ಆಗಲ್ಲ.

ಭೂಮಿ ಹುಣ್ಣಿಮೆ ಹೊತ್ತಿಗೆ ಮಳೆಮಾಪಕ ಕಳಚಿ, ತೊಳೆದು, ಮತ್ತೆ ಒಂದು ಲೀಟರ್ ನೀರಿನ ಪರೀಕ್ಷೆ ಮಾಡಿ ಅಂಕಿ ಬರೆದಿಡುತ್ತೇನೆ. ಹೋದ ಸಲ 148 ಇದ್ದದ್ದು 151 ಆಗಿತ್ತು. ಸೆಲ್ ತೆಗೆದು, ಲಾಗರ್ ಡಬ್ಬಿಯ ಬಾಯಿ ತೆರೆದಿಟ್ಟು ಅಟ್ಟದ ಮೇಲೆ. ಮತ್ತೆ ಇಳಿಸೋದು ರೋಹಿಣಿ ಮಳೆಗೆ ವಾರ ಮೊದಲು. ಮಳೆ ಅಳೆಯೋ ಸ್ಟೀಲ್ ಡಬ್ಬಿ ಮಾತ್ರ ಅಂಗಳದಲ್ಲೇ ಇರುತ್ತದೆ, ಅದನ್ನು ಒಳಗಿಡೋಕೆ ಅಪ್ಪಯ್ಯ ಬಿಡಲ್ಲ.